ತರಗತಿ ಪೂರ್ತಿ ದಾಟಲಿ

ಹತ್ತನೇ ತರಗತಿಯ ಮಕ್ಕಳೇ,

ವಾರ್ಷಿಕೋತ್ಸವ ಮುಗಿಯಿತು, ಶಾರದಾ ಪೂಜೆ, ಬೀಳ್ಕೊಡುಗೆಯೂ ಆಯಿತು. ಇನ್ನುಳಿದದ್ದು ಪರೀಕ್ಷೆ, ಆಮೇಲೆ ಫಲಿತಾಂಶ. ಫಲಿತಾಂಶದ ದಿನ ನಮ್ಮ ಊರುಗಳಲ್ಲಿ ಏನೇನು ನಡೆಯುತ್ತದೆ ಎಂಬುದು ನಿಮಗೇ ಗೊತ್ತು. ಹೆಚ್ಚು ಅಂಕ ತೆಗೆದವರಿಗೆ ಹಾರ, ಸಿಹಿ, ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು, ಎಲ್ಲರ ವಾಟ್ಸ್‌ಆಪ್‌ನಲ್ಲೂ ಅವರದೇ ಫೋಟೋ. ಅದೆಲ್ಲ ಬೇಡ ಎನ್ನುವವನು ನಾನಲ್ಲ. ಕತ್ತಲಲ್ಲೇ ಎದ್ದು ಕೊಟ್ಟಿಗೆ ಕೆಲಸ ಮುಗಿಸಿ, ಎರಡು ಹೊತ್ತು ಓದಿ, ಬಸ್ಸು ತಪ್ಪಿದರೆ ನಡೆದಾದರೂ ಶಾಲೆಗೆ ಬಂದ ಹುಡುಗಿ 625ಕ್ಕೆ 600 ತೆಗೆದರೆ ಊರಿಗೆ ಊರೇ ಸಂಭ್ರಮಪಡಬೇಕು. ನಾನು ಹೇಳಬೇಕೆಂದಿರುವುದು ಆ ದಿನ ಹಾರ ಬೀಳದವರ ವಿಷಯ. ಅದನ್ನು ಹಾರ ಹಾಕಿಸಿಕೊಳ್ಳಲಿರುವ ನಿಮಗೇ ಹೇಳಬೇಕು.

ಮುಖ್ಯೋಪಾಧ್ಯಾಯನ ಕುರ್ಚಿಯಲ್ಲಿ ಕೂತವನಿಗೆ ಕಾಣುವುದು ಬೇರೆಯೇ ಚಿತ್ರ. ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದ ಹುಡುಗ ಅಂದು ಶಾಲೆಯ ಗೇಟಿನ ಹತ್ತಿರವೂ ಸುಳಿಯುವುದಿಲ್ಲ. ಫೋನು ಸ್ವಿಚ್ ಆಫ್. ಮನೆಗೆ ಹೇಳಿ ಕಳಿಸಿದರೆ, ಅವನು ಶುಂಠಿ ಹೊಲಕ್ಕೆ ಹೋಗಿದ್ದಾನೆ ಸಾರ್, ಎಂಬ ಉತ್ತರ. ಇನ್ನೊಂದು ವಾರ ಕಳೆದರೆ ಬೆಂಗಳೂರಿನ ಯಾವುದೋ ಬೇಕರಿಗೆ ಸೇರಿಕೊಂಡಿರುತ್ತಾನೆ. ನಮ್ಮ ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಯಾರೂ ಬಂದು ಒಯ್ಯದ ಟಿಸಿಗಳ ಒಂದು ಕಟ್ಟಿದೆ. ಪ್ರತಿ ಜೂನ್‌ನಲ್ಲಿ ಬೀರು ಜೋಡಿಸುವಾಗ ಆ ಕಟ್ಟನ್ನು ಬಿಚ್ಚಿ ನೋಡುತ್ತೇನೆ. ಒಬ್ಬೊಬ್ಬರ ಮುಖವೂ ನೆನಪಾಗುತ್ತದೆ. ಅವರಲ್ಲಿ ದಡ್ಡರು ಇರಲಿಲ್ಲ. ಹತ್ತು, ಹನ್ನೆರಡು ಅಂಕ ಕಡಿಮೆ ಬಿದ್ದದ್ದಕ್ಕೆ ಓದನ್ನೇ ಬಿಟ್ಟವರು ಅವರು.

ಹೀಗೆ ಹಿಂದೆ ಬಿದ್ದವರನ್ನು ಕೈಬಿಡುವುದು ನಮ್ಮ ಸೀಮೆಗೆ ಒಪ್ಪುವ ಮಾತಲ್ಲ. ಹೊರಸಂಚಾರಕ್ಕೆ ಬಳ್ಳಿಗಾವಿಗೆ ಕರೆದುಕೊಂಡು ಹೋದಾಗ ಕೇದಾರೇಶ್ವರ ದೇವಸ್ಥಾನದಲ್ಲಿ ನಿಮಗೆ ಕೋಡಿಯ ಮಠದ ವಿಷಯ ಹೇಳಿದ್ದೆ. ಕಾಳಾಮುಖ ಗುರುಗಳು ನಡೆಸಿದ ದೊಡ್ಡ ವಿದ್ಯಾಕೇಂದ್ರ ಅದು. ಬಿಜ್ಜಳನ ಕಾಲದ, 1162ರ ಶಾಸನವೊಂದು ಅಲ್ಲಿ ಏನೇನು ಕಲಿಸುತ್ತಿದ್ದರು ಎಂದು ಹೇಳುತ್ತದೆ. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ಶಾಕಟಾಯನನ ವ್ಯಾಕರಣ, ದರ್ಶನಗಳು, ಹದಿನೆಂಟು ಪುರಾಣ, ಕಾವ್ಯ, ನಾಟಕ. ಅವತ್ತು ನೀವು ಬರೆದುಕೊಂಡದ್ದು ಇಷ್ಟನ್ನೇ. ಆದರೆ ಅದೇ ಶಾಸನದ ಮುಂದಿನ ಭಾಗ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು, ನಾನಾ ಪಂಥಗಳ ಸನ್ಯಾಸಿಗಳು, ಯಾರೇ ಬಂದರೂ ಅಲ್ಲಿ ಊಟವಿತ್ತು. ರೋಗಿಗಳಿಗೆ ಔಷಧಿ ಇತ್ತು. ಎಲ್ಲ ಜೀವಿಗಳಿಗೂ ಅಭಯ ಕೊಡುವ ಜಾಗ ಎಂದೂ ಅದನ್ನು ಕರೆದಿದ್ದಾರೆ. ಪಾಣಿನಿಯನ್ನು ಅರೆದು ಕುಡಿದ ಪಂಡಿತರಿದ್ದ ಮಠ ತನ್ನ ಹಿರಿಮೆ ಹೇಳಿಕೊಳ್ಳುವಾಗ ಪಂಡಿತರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲಿಗೆ ಬಂದ ಎಲ್ಲರನ್ನೂ ಹಿಡಿಯಿತು. ನಮ್ಮ ಶಾಲೆಯ ಫಲಿತಾಂಶವನ್ನೂ ಹಾಗೆಯೇ ನೋಡಬೇಕೆಂಬುದು ನನ್ನ ಆಸೆ.

ಈ ಸಲದ ವಾರ್ಷಿಕೋತ್ಸವವನ್ನೇ ತೆಗೆದುಕೊಳ್ಳಿ. ಬಹುಮಾನದ ಪಟ್ಟಿ ಓದುವಾಗ ನಾಲ್ಕೈದು ಹೆಸರುಗಳೇ ಮತ್ತೆ ಮತ್ತೆ ಬಂದವು. ಅದೇ ಹೊತ್ತಿನಲ್ಲಿ ಶಾಮಿಯಾನದ ಹಿಂದೆ ಒಬ್ಬ ಹುಡುಗ ಮೈಕ್ ಸೆಟ್ಟಿನ ವಯರು ಹಿಡಿದುಕೊಂಡು ನಿಂತಿದ್ದ. ಜನರೇಟರ್ ಕೈಕೊಟ್ಟಾಗ ಎರಡೇ ನಿಮಿಷದಲ್ಲಿ ಅದನ್ನು ಸರಿಮಾಡಿದವನು ಅವನು. ಆ ಎರಡು ನಿಮಿಷದ ಕತ್ತಲಲ್ಲಿ ಪುಟ್ಟ ಮಕ್ಕಳು ಗಾಬರಿಯಾಗದಂತೆ ಹಾಡು ಎತ್ತಿಕೊಂಡವಳು ಕೊನೆ ಬೆಂಚಿನ ಹುಡುಗಿ. ಇಬ್ಬರ ಹೆಸರೂ ಯಾವ ಪಟ್ಟಿಯಲ್ಲೂ ಇರಲಿಲ್ಲ. ಆ ಹುಡುಗನಿಗೆ ಐಟಿಐ ಇದೆ, ಡಿಪ್ಲೊಮಾ ಇದೆ. ಎಲ್ಲದಕ್ಕೂ ಮೊದಲು ಎಸ್ಸೆಸ್ಸೆಲ್ಸಿ ದಾಟಬೇಕು, ಅಷ್ಟೇ. ಅವನಿಗೆ ಬೀಜಗಣಿತ ಹೇಳಿಕೊಡಲು ನನಗಿಂತ ಚೆನ್ನಾಗಿ ಬರುವುದು ಪಕ್ಕದಲ್ಲಿ ಕೂರುವ ನಿಮಗೆ. ನಾನು ಹೇಳಿದರೆ ತಲೆಯಾಡಿಸುತ್ತಾನೆ, ನೀವು ಹೇಳಿದರೆ ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾನೆ.

ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಬಂದಳಿಕೆಯ ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಸ್ಥಾನ ನೋಡಲು ಹೊರಗಿನವರು ಬಂದಾಗ ಈ ಊರಿನ ಬಗ್ಗೆ ಏನು ಹೇಳಬೇಕೆಂದು ನೀವು ಕೇಳುತ್ತೀರಲ್ಲ, ಜಕ್ಕಿಯಬ್ಬೆಯ ವಿಷಯ ಹೇಳಿ. ಹತ್ತನೇ ಶತಮಾನದ ಆರಂಭ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂತು. ಎಪ್ಪತ್ತು ಊರುಗಳ ಆಡಳಿತವನ್ನು ಆಕೆ ನಿಭಾಯಿಸಿದ ರೀತಿಯನ್ನು ಬಂದಳಿಕೆಯ ಶಾಸನ ಬಾಯ್ತುಂಬ ಹೊಗಳುತ್ತದೆ. ಕಾಯಿಲೆ ಬಿದ್ದಾಗ ಆ ಹೊಣೆಯನ್ನು ಆಕೆ ಒಪ್ಪಿಸಿದ್ದು ತನ್ನ ಮಗಳಿಗೆ. ಸಾವಿರದ ನೂರು ವರ್ಷದ ಹಿಂದೆ ಇದೇ ಮಣ್ಣಿನಲ್ಲಿ ಇದು ನಡೆದಿದೆ. ಹಾಗಿರುವಾಗ, ಹುಡುಗಿಗೆ ಹತ್ತನೇ ಕ್ಲಾಸು ಸಾಕು, ಶಿರಾಳಕೊಪ್ಪಕ್ಕೋ ಸೊರಬಕ್ಕೋ ದಿನಾ ಬಸ್ಸಿನಲ್ಲಿ ಹೋಗುವುದು ಯಾಕೆ, ಎಂದು ಮನೆಯಲ್ಲಿ ಯಾರಾದರೂ ಅಂದರೆ ಸುಮ್ಮನಿರಬೇಡಿ. ನನಗೆ ತಿಳಿಸಿ, ನಾನೇ ಬಂದು ನಿಮ್ಮ ಅಪ್ಪನ ಹತ್ತಿರ ಮಾತಾಡುತ್ತೇನೆ. ಹದಿನೆಂಟು ತುಂಬುವ ಮೊದಲೇ ಮದುವೆ ಪ್ರಸ್ತಾಪ ಬಂದರೆ 1098ಕ್ಕೆ ಫೋನ್ ಮಾಡಿ. ದುಡ್ಡು ಖರ್ಚಾಗುವುದಿಲ್ಲ. ನಿಮಗಲ್ಲ, ಗೆಳತಿಗೆ ಹಾಗಾಗುತ್ತಿದೆ ಎಂದರೂ ಮಾಡಬಹುದು.

ಈಗ ಪರೀಕ್ಷೆಯ ವಿಷಯ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾಗಿವೆ. ಮೊದಲಿನ ಹಾಗೆ ಫೇಲಾದವರಿಗೆ ಪೂರಕ ಪರೀಕ್ಷೆ ಎಂಬ ಹಣೆಪಟ್ಟಿ ಈಗಿಲ್ಲ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದು ಬಹಳ ಒಳ್ಳೆಯ ಬದಲಾವಣೆ. ಮೊದಲ ಪರೀಕ್ಷೆಯಲ್ಲಿ ಎಡವಿದ ಹುಡುಗ ಎರಡನೆಯದರಲ್ಲಿ ದಾಟಿ, ಅದೇ ವರ್ಷ ಗೆಳೆಯರ ಜೊತೆಗೇ ಪಿಯುಸಿಗೆ ಸೇರಬಹುದು. ತೊಂದರೆ ಇರುವುದು ಒಂದೇ ಕಡೆ. ಎರಡನೇ ಪರೀಕ್ಷೆಗೆ ಹೆಸರು ಕೊಡಲು ಸಿಗುವುದು ಕೆಲವೇ ದಿನ. ನಾಚಿಕೆಪಟ್ಟುಕೊಂಡು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದವನು ಎದ್ದು ಬರುವಷ್ಟರಲ್ಲಿ ಆ ದಿನಗಳು ಮುಗಿದುಹೋಗಿರುತ್ತವೆ.

ಹಾಗಾಗಿ ಫಲಿತಾಂಶದ ದಿನ ಸಿಹಿ ಹಂಚಿ, ಫೋಟೋ ತೆಗೆಸಿಕೊಳ್ಳಿ, ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ. ಸಂಜೆಯೊಳಗೆ ಮಾತ್ರ ಒಂದು ಕೆಲಸ ಆಗಬೇಕು. ನಿಮ್ಮ ಬೆಂಚಿನಲ್ಲಿ ಕೂರುತ್ತಿದ್ದವರಲ್ಲಿ ಯಾರು ಬಂದಿಲ್ಲ ಎಂದು ನೋಡಿ, ಅವರ ಮನೆಗೆ ಹೋಗಿ. ಫೋನ್ ಮಾಡಿ ಸುಮ್ಮನಾಗಬೇಡಿ, ಎತ್ತುವುದಿಲ್ಲ. ಅಂಕ ಎಷ್ಟು ಬಂತು ಎಂದು ಕೇಳಬೇಡಿ, ನಿಮ್ಮ ಅಂಕವನ್ನೂ ಹೇಳಬೇಡಿ. ಅವರ ಅಮ್ಮ ಚಹಾ ಕೊಟ್ಟರೆ ಕುಡಿಯಿರಿ, ಸ್ವಲ್ಪ ಹೊತ್ತು ಕೂರಿ, ನಾಳೆ ಬೆಳಿಗ್ಗೆ ಸೈಕಲ್ ತರುತ್ತೇನೆ, ಶಾಲೆಗೆ ಹೋಗೋಣ ಅನ್ನಿ. ಅಪ್ಪ ಬೈಯುತ್ತಿದ್ದರೆ ಎದುರು ಮಾತಾಡಬೇಡಿ, ಇದೇ ವರ್ಷ ಮತ್ತೆ ಬರೆಯಬಹುದು ಎಂದು ಅವರಿಗೂ ತಿಳಿಸಿ. ಬಹಳ ಮನೆಗಳಲ್ಲಿ ದೊಡ್ಡವರಿಗೆ ಇದು ಗೊತ್ತೇ ಇಲ್ಲ. ಬರುವಾಗ ಹಾಲ್ ಟಿಕೆಟ್ ತರಿಸಿ. ಆ ವಾರ ಪೂರ್ತಿ, ರಜೆ ಇದ್ದರೂ, ಕಚೇರಿಯ ಬಾಗಿಲು ತೆಗೆದಿರುತ್ತದೆ. ಗಣಿತ, ಇಂಗ್ಲಿಷ್ ಮೇಷ್ಟ್ರುಗಳಿಗೆ ಆಗಲೇ ಹೇಳಿಟ್ಟಿದ್ದೇನೆ, ಮರುದಿನದಿಂದಲೇ ಪಾಠ ಶುರು.