ಸ್ವಿಚ್ಚಿನ ತಪ್ಪೋ, ಕಾಯಿಲಿನ ತಪ್ಪೋ

ತಮ್ಮಾ, ಎರಡು ವರ್ಷದ ಐಟಿಐ ಮುಗಿಸಿ ಸಂಗೊಳ್ಳಿಗೆ ಬಂದು ರಿಪೇರಿ ಕೆಲಸ ಹಿಡಿದಿದ್ದೀ. ಪಂಪ್‌ಸೆಟ್ಟು, ಸ್ಟಾರ್ಟರು ನಿನಗೆ ಚೆನ್ನಾಗಿ ಬರುತ್ತವೆ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಕರೆಂಟ್ ಒಲೆಯ ಬಗ್ಗೆ ಮಾತ್ರ ಕೇಳು. ಸಣ್ಣ ಸಾಮಾನು ಅಂತ ಹುಡುಗರು ಅದನ್ನು ಹಗುರಾಗಿ ಹಿಡಿಯುತ್ತಾರೆ. ಒಲೆ ಕಾಯಲಿಲ್ಲ ಅಂದಕೂಡಲೇ "ಸ್ವಿಚ್ ಹೋಗೇತ್ರೀ ಅಕ್ಕಾರ" ಅಂದುಬಿಡುತ್ತಾರೆ. ಹೊಸ ಸ್ವಿಚ್ ಬೀಳುತ್ತದೆ, ದುಡ್ಡು ಕೈಗೆ ಬರುತ್ತದೆ, ಸ್ವಲ್ಪ ದಿನಕ್ಕೆ ಅದೇ ಒಲೆ ಮತ್ತೆ ತಣ್ಣಗೆ ಕೂರುತ್ತದೆ. ಸ್ವಿಚ್ ಸುಟ್ಟಿದ್ದು ನಿಜವೇ ಇರಬಹುದು. ಅದನ್ನು ಸುಟ್ಟದ್ದು ಯಾವುದು ಅಂತ ಯಾರೂ ನೋಡಿರುವುದಿಲ್ಲ.

ಮೊದಲು ಪ್ಲಗ್ಗು. ಗೋಡೆಯ ಸ್ವಿಚ್ ಆಫ್ ಮಾಡಿದ್ದೇನೆ ಅಂತ ಒಲೆಗೆ ಕೈ ಹಾಕಬೇಡ. ಪ್ಲಗ್ ಕಿತ್ತು ನಿನ್ನ ಕಣ್ಣೆದುರಿಗೆ ಇಟ್ಟುಕೋ. ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿದ ಮನೆಗಳು ಇನ್ನೂ ಇವೆ. ಅಲ್ಲಿ ಆಫ್ ಮಾಡಿದರೆ ಒಲೆ ಆರುತ್ತದೆ, ಆದರೆ ಕಾಯಿಲಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಮಣ್ಣಿನ ತಟ್ಟೆಯಲ್ಲಿ ಸುರುಳಿ ತೆರೆದೇ ಇರುವ ಅಗ್ಗದ ಒಲೆಗಳಲ್ಲಂತೂ ಸ್ಟೀಲ್ ಚಮಚ ತಾಗಿದರೂ ಸಾಕು. ಅಂಥ ಒಲೆ ರಿಪೇರಿಗೆ ಬಂದರೆ, ಇದನ್ನು ಬಿಟ್ಟು ಕಾಯಿಲ್ ಮುಚ್ಚಿರುವ ಒಲೆ ತೆಗೆದುಕೊಳ್ಳಿ ಅಂತ ಹೇಳುವುದೇ ನನ್ನ ರೂಢಿ. ಗಿರಾಕಿ ಕೈತಪ್ಪಿದರೆ ತಪ್ಪಲಿ.

ಆಮೇಲೆ ಸ್ಕ್ರೂ ಬಿಚ್ಚುವ ಮೊದಲು, ಒಲೆ ಬಳಸುವ ಅಕ್ಕನನ್ನು ಕೇಳು: ನಾಬ್ ಯಾವ ಅಂಕಿಯಲ್ಲಿದ್ದಾಗ ಕಾಯುತ್ತದೆ, ಯಾವುದರಲ್ಲಿ ಇಲ್ಲ? ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಹೇಗೆ ಅಂತ ಹೇಳುತ್ತೇನೆ, ಇದನ್ನು ಚೆನ್ನಾಗಿ ತಲೆಗೆ ಹಾಕಿಕೋ.

ಮೂರು ಮೆಟ್ಟಿನ ಸ್ವಿಚ್ ಇರುವ ಒಲೆಯಲ್ಲಿ ಸಾವಿರ ಸಾವಿರ ವ್ಯಾಟಿನ ಎರಡು ಕಾಯಿಲ್ ಇವೆ ಅಂದುಕೋ. ಒಂದರಲ್ಲಿ ಇಟ್ಟಾಗ ಎರಡೂ ಸೀರೀಸಿನಲ್ಲಿ ಬರುತ್ತವೆ, 500 ವ್ಯಾಟ್. ಎರಡರಲ್ಲಿ ಮೊದಲನೇ ಕಾಯಿಲ್ ಮಾತ್ರ, 1000. ಮೂರರಲ್ಲಿ ಎರಡೂ ಪ್ಯಾರಲಲ್, 2000. ಈಗ ಅಕ್ಕ ಹೇಳುತ್ತಾಳೆ: "ಒಂದರಾಗ ಕಾಯಂಗಿಲ್ಲ, ಎರಡರಾಗ ಕಾಯತೈತಿ, ಮೂರಕ್ಕ ಇಟ್ರೂ ಅಷ್ಟ ಕಾಯತೈತಿ." ಸ್ವಿಚ್ಚಿಗೆ ಏನೂ ಆಗಿಲ್ಲ ತಮ್ಮಾ. ಎರಡನೇ ಕಾಯಿಲ್ ಕಡಿದಿದೆ. ಸೀರೀಸಿನಲ್ಲಿ ಒಂದು ಕಡಿದರೆ ಎರಡೂ ಸತ್ತಂತೆ, ಪ್ಯಾರಲಲ್ಲಿನಲ್ಲಿ ಉಳಿದದ್ದು ಒಂಟಿಯಾಗಿ ದುಡಿಯುತ್ತದೆ. ಒಂದರಲ್ಲೂ ಇಲ್ಲ, ಎರಡರಲ್ಲೂ ಇಲ್ಲ, ಮೂರರಲ್ಲಿ ಮಾತ್ರ ಅರ್ಧ ಕಾವು ಅಂದರೆ ಮೊದಲನೇ ಕಾಯಿಲ್ ಹೋಗಿದೆ. ಮೂರರಲ್ಲಿ ಪೂರ್ತಿ ಕೆಂಪಗೆ ಕಾದು, ಒಂದರಲ್ಲಿ ಮಾತ್ರ ತಣ್ಣಗಿದ್ದರೆ ಕಾಯಿಲ್ ಎರಡೂ ಗಟ್ಟಿಯಾಗಿವೆ. ಆಗ ಸ್ವಿಚ್ಚನ್ನೋ ಅದಕ್ಕೆ ಹೋಗುವ ವೈರನ್ನೋ ಅನುಮಾನಿಸು.

ಇನ್ನೊಂದು ಬಗೆ ರೆಗ್ಯುಲೇಟರ್ ಸ್ವಿಚ್ಚು. ಅದರೊಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇರುತ್ತದೆ. ಕಾದಾಗ ಬಾಗಿ ಕರೆಂಟ್ ಕಡಿಯುತ್ತದೆ, ಆರಿದಾಗ ಮತ್ತೆ ಕೂಡಿಸುತ್ತದೆ. ಹೀಗಾಗಿ ನಡುವಿನ ಕಾವಿನಲ್ಲಿ ಕಾಯಿಲ್ ಒಮ್ಮೆ ಕೆಂಪಗಾಗಿ ಒಮ್ಮೆ ಕಪ್ಪಗಾಗುವುದು ಅದರ ಸಹಜ ನಡೆ. ಅದನ್ನೇ ಕೆಟ್ಟಿದೆ ಅಂತ ತಂದು ಕೊಡುವವರಿದ್ದಾರೆ. ವಿವರಿಸಿ ವಾಪಸ್ ಕಳಿಸು, ದುಡ್ಡು ಕೇಳಬೇಡ. ನಾಬ್ ಸಣ್ಣದಕ್ಕೆ ಇಟ್ಟರೂ ಒಂದೇ ಸಮ ಪೂರ್ತಿ ಉರಿಯುತ್ತಿದ್ದರೆ ಒಳಗಿನ ಪಾಯಿಂಟು ಅಂಟಿಕೊಂಡಿದೆ. ಅದನ್ನು ಕೆರೆದು ಬಿಡಿಸುವ ಗೋಜಿಗೆ ಹೋಗದೆ ಬದಲಿಸಲೇಬೇಕು.

ಈಗ ಮೀಟರ್ ಹಿಡಿ. ಸ್ವಿಚ್ಚಿಗೆ ಬಂದ ವೈರುಗಳನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೋ. ಬಿಚ್ಚದೆ ಚೆಕ್ ಮಾಡಿದರೆ ಮೀಟರ್ ನಿನಗೆ ಸುಳ್ಳು ಹೇಳುತ್ತದೆ. 2000 ವ್ಯಾಟಿನ ಕಾಯಿಲಿನ ರೆಸಿಸ್ಟೆನ್ಸ್ ಸುಮಾರು 26 ಓಮ್, 1000 ವ್ಯಾಟಿನದು ಸುಮಾರು 53. ಸ್ವಿಚ್ ತೆರೆದಿದ್ದರೂ ಕಾಯಿಲಿನ ದಾರಿಯಿಂದ ಕೆಲವು ಮೀಟರುಗಳು ಬೀಪ್ ಅನ್ನುತ್ತವೆ. ಬೀಪಿಗೆ ಕಿವಿಗೊಡದೆ ಅಂಕಿ ನೋಡು. ಬಿಚ್ಚಿದ ಸ್ವಿಚ್ಚು ಕೂಡಿದಾಗ ಸೊನ್ನೆಗೆ ಹತ್ತಿರ ತೋರಿಸಬೇಕು.

ಸೊನ್ನೆ ತೋರಿಸಿತು ಅಂತ ಅಲ್ಲಿಗೇ ಬಿಡಲೂಬೇಡ. ಮೀಟರಿನ ಬ್ಯಾಟರಿ ಕಳಿಸುವ ಕರೆಂಟು ತೀರಾ ಕಡಿಮೆ. 2000 ವ್ಯಾಟಿನ ಒಲೆ ಎಳೆಯುವುದು 8.7 ಆಂಪಿಯರ್. ಅಷ್ಟು ಹರಿಯುವಾಗ ಪಾಯಿಂಟಿನಲ್ಲಿ ಅರ್ಧ ಓಮ್ ಅಡ್ಡಿ ಇದ್ದರೂ ಆ ಬೆರಳಗಲದ ಜಾಗದಲ್ಲಿ 36 ವ್ಯಾಟ್ ಕಾವು ಏಳುತ್ತದೆ. ನಿನ್ನ ಪೆಟ್ಟಿಗೆಯಲ್ಲಿರುವ ಸೋಲ್ಡರಿಂಗ್ ಐರನ್ ಅಷ್ಟೇ ಕಾವಿನದು. ಪ್ಲಾಸ್ಟಿಕ್ ಕರಗದೆ ಏನಾದೀತು? ಅದಕ್ಕೇ ಕಣ್ಣು, ಮೂಗು ಎರಡನ್ನೂ ಬಳಸು. ಟರ್ಮಿನಲ್ ನೀಲಿಗಟ್ಟಿದೆಯೇ, ಲಗ್ ಸಡಿಲವಾಗಿದೆಯೇ, ವೈರಿನ ತೊಗಟೆ ಗರಿಗರಿಯಾಗಿ ಉದುರುತ್ತಿದೆಯೇ, ಸುಟ್ಟ ವಾಸನೆ ಇದೆಯೇ, ಎಲ್ಲ ನೋಡು. ನಾನು ಕಂಡಂತೆ ಹೆಚ್ಚಿನ ಒಲೆಗಳಲ್ಲಿ ಸ್ವಿಚ್ಚನ್ನು ಕೊಂದದ್ದು ಈ ಸಡಿಲ ಲಗ್ಗೇ.

ಬದಲಿಸುವಾಗ ಹಳೆಯ ಸ್ವಿಚ್ಚನ್ನೇ ಜೇಬಿಗೆ ಹಾಕಿಕೊಂಡು ಬೈಲಹೊಂಗಲದ ಅಂಗಡಿಗೆ ಹೋಗು. 16 ಆಂಪಿಯರ್, 250 ವೋಲ್ಟ್ ಅಂತ ಮೈಮೇಲೆ ಬರೆದಿರಬೇಕು, ಟರ್ಮಿನಲ್ಲುಗಳ ಸಂಖ್ಯೆ, ದಂಡದ ಆಕಾರ ಹೊಂದಬೇಕು. ಸುಟ್ಟ ವೈರಿನ ತುದಿಯನ್ನು ತಾಮ್ರ ಹೊಳೆಯುವ ತನಕ ಕತ್ತರಿಸಿ ಹೊಸ ಲಗ್ ಹಾಕು. ಉದ್ದ ಸಾಲದಿದ್ದರೆ ಗ್ಲಾಸ್ ಸ್ಲೀವಿನ ಹೀಟರ್ ವೈರ್ ತಾ, ಮನೆ ವೈರಿಂಗಿನ ಪಿವಿಸಿ ವೈರ್ ತುಂಡು ಜೋಡಿಸಬೇಡ. ಅದು ತಾಳುವುದು ಸಾಮಾನ್ಯವಾಗಿ 70 ಡಿಗ್ರಿ, ಒಲೆಯ ಹೊಟ್ಟೆಯೊಳಗೆ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ವೈರುಗಳನ್ನು ಎಲ್ಲ ಒಮ್ಮೆಗೇ ಬಿಚ್ಚದೆ, ಹಳೆಯದರಿಂದ ಹೊಸದಕ್ಕೆ ಒಂದೊಂದಾಗಿ ಸಾಗಿಸು.

ಅರ್ಥಿಂಗ್ ಮರೆಯಬೇಡ. ಪ್ಲಗ್ಗಿನ ದಪ್ಪ ಪಿನ್ನಿನಿಂದ ಒಲೆಯ ಮೈಗೆ ಮೀಟರ್ ಸೊನ್ನೆ ಓಮ್ ತೋರಿಸಬೇಕು, ಉಳಿದೆರಡು ಪಿನ್ನುಗಳಿಂದ ಮೈಗೆ ದಾರಿಯೇ ಇರಬಾರದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ಕಡೆ ಮನೆಗಳಿಗೆ ನೀರು ನುಗ್ಗಿತ್ತಲ್ಲ, ಅಂಥ ನೀರು ಕುಡಿದ ಒಲೆ ಹೊರಗೆ ಒಣಗಿದಂತೆ ಕಂಡರೂ ಕಾಯಿಲಿನ ಒಳಪುಡಿ ತೇವ ಹಿಡಿದಿರುತ್ತದೆ. ಇನ್ಸುಲೇಶನ್ ಅಳೆಯುವ ಮೆಗ್ಗರ್ ಇರುವವರ ಹತ್ತಿರ 500 ವೋಲ್ಟಿನಲ್ಲಿ ನೋಡಿಸದೆ ಅದನ್ನು ಯಾರ ಕೈಗೂ ಕೊಡಬೇಡ.

ಇನ್ನು ಎಕ್ಸ್‌ಟೆನ್ಶನ್ ಪೆಟ್ಟಿಗೆ. ಜನವರಿಯಲ್ಲಿ ಸಂಗೊಳ್ಳಿ ಉತ್ಸವದ ಹೊತ್ತಿಗೆ ಚಹಾದಂಗಡಿ ಇಡುವವರು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಈ ಒಲೆ ಚುಚ್ಚಲು ನೋಡುತ್ತಾರೆ. 1500 ವ್ಯಾಟಿನದೇ ಆದರೂ 6.5 ಆಂಪಿಯರ್ ಆಗುತ್ತದೆ, ಸಲ್ಲದು. 16 ಆಂಪಿಯರಿನ ಪಾಯಿಂಟ್ ಇಲ್ಲದಿದ್ದರೆ ಗ್ಯಾಸ್ ಮೇಲೆ ಚಹಾ ಮಾಡಿ ಅಂತ ಹೇಳು. ಮನೆಯವರಿಗೂ ಒಂದು ಲೆಕ್ಕ ತಿಳಿಸಿಕೊಡು: 2000 ವ್ಯಾಟಿನ ಒಲೆ ತಾಸಿಗೆ ಎರಡು ಯೂನಿಟ್ ತಿನ್ನುತ್ತದೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂತ ತಿಳಿದವರು ಬಹಳ. ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಮಿತಿ ಕಟ್ಟಿದ್ದಾರೆ, ಅದು ದಾಟಿದರೆ ಬಿಲ್ ಬರುತ್ತದೆ. ಆಮೇಲೆ ನೀನು ಒಲೆ ಕೆಡಿಸಿದೆ ಅಂತ ನಿನ್ನ ಮೇಲೆ ಬರದಿರಲಿ.

ಕೆಲಸ ಮುಗಿದ ಮೇಲೆ ತಟ್ಟೆಯ ಮೇಲೆ ಒಂದು ಪಾತ್ರೆ ನೀರಿಟ್ಟು ಕಾಲು ತಾಸು ಪೂರ್ತಿ ಕಾವಿನಲ್ಲಿ ಓಡಿಸು. ಅಕ್ಕ ಚಹಾ ಕೊಟ್ಟರೆ ಕುಡಿ, ಆದರೆ ಎದ್ದು ಹೋಗಬೇಡ. ಆಮೇಲೆ ಸಾಕೆಟ್ಟಿನ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಪಿನ್ನಿನ ಹತ್ತಿರ ಬೆರಳು ತಂದು ನೋಡು. ಬಿಸಿ ಹೊಡೆಯುತ್ತಿದ್ದರೆ ಗೋಡೆಯ ಸಾಕೆಟ್ಟನ್ನೂ ಬದಲಿಸಬೇಕು. ಅದಕ್ಕೆ ಎಷ್ಟಾಗುತ್ತದೆ ಅಂತ ಬಿಚ್ಚುವ ಮೊದಲೇ ಹೇಳು. ಹಳೆಯ ಸುಟ್ಟ ಸ್ವಿಚ್ಚನ್ನು ಅವರ ಕೈಗೇ ಕೊಟ್ಟು ಬಾ.