ಚಳಿಗಾಲದಲ್ಲಿ ಕೆರೆ ಹೊಂಡಗಳ ಮೀನನ್ನು ಗಾಳದಿಂದ ಹಿಡಿಯುವ ನಿಧಾನಕ್ರಮ

ಮಾರ್ಗಶಿರ ಪುಷ್ಯ ಮಾಸಗಳಲ್ಲಿ, ಹೊಲದ ಅವರೆಗೆ ಸೊಗಡು ಬರುವ ಹೊತ್ತಿಗೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಕೆರೆಗಳಲ್ಲಿ ಮೀನು ಗಾಳಕ್ಕೆ ಬೀಳುವುದು ಕಡಿಮೆಯಾಗುವುದೆಂಬುದು ಗ್ರಾಮಸ್ಥರೆಲ್ಲರಿಗೂ ವಿದಿತವಾದ ಸಂಗತಿ. ಆದರೆ ಇದರ ಕಾರಣವನ್ನು ವಿಚಾರಿಸುವವರು ವಿರಳ. ಕೃಷಿಹೊಂಡದ ಯಜಮಾನರು ಕೆಲವರು ಮೀನು ಸೊರಗಿತೆಂದು ಭ್ರಮಿಸಿ ಹಿಂಡಿಯನ್ನು ಮತ್ತಷ್ಟು ಸುರಿಯುವರು. ಅವಿವೇಕಿಗಳಾದ ಬೇರೆ ಕೆಲವರು ತಾಳ್ಮೆಗೆಟ್ಟು ಸಿಡಿಮದ್ದನ್ನೋ ವಿಷವನ್ನೋ ಉಪಯೋಗಿಸುವರು. ಮೊದಲನೆಯದರಿಂದ ಹಣವೂ ಮೀನೂ ನಷ್ಟ. ಎರಡನೆಯದು ಕಾನೂನಿನಿಂದಲೇ ನಿಷಿದ್ಧವಾದ ಅಪರಾಧ. ಮೀನಿನ ಸ್ವಭಾವವನ್ನರಿತು ಗಾಳವನ್ನು ನಿಧಾನವಾಗಿ ನಡೆಸಿದರೆ ಈ ಎರಡಕ್ಕೂ ಅವಕಾಶವಿರುವುದಿಲ್ಲ.

ಕಾರಣ

ಮನುಷ್ಯನ ಮತ್ತು ದನಕರುಗಳ ಮೈ ಚಳಿಯಲ್ಲಿಯೂ ಒಂದೇ ಸಮನಾಗಿ ಬೆಚ್ಚಗಿರುತ್ತದೆ. ಮೀನಿನ ಮೈ ಹಾಗಲ್ಲ. ಅದು ಸುತ್ತಲಿನ ನೀರು ತಣ್ಣಗಾದಂತೆ ತಾನೂ ತಣ್ಣಗಾಗುವುದು. ಆಗ್ಗೆ ಅದರ ಜೀರ್ಣಶಕ್ತಿ ಕುಂದಿ, ಆಹಾರದ ಅಪೇಕ್ಷೆ ಇಳಿದು, ಓಡಾಟವೂ ಮಂದವಾಗುವುದು. ಕಟ್ಲಾ, ರೋಹು, ಮೃಗಾಲ್ ಮೀನುಗಳು ನೀರಿನ ಉಷ್ಣಮಾನ 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದಾಗ ಬಹಳ ಸ್ವಲ್ಪವೇ ತಿನ್ನುತ್ತವೆ. 1952ರಲ್ಲಿ ಈ ದೇಶಕ್ಕೆ ಬಂದ ಜಿಲೇಬಿ ಮೀನು ಚಳಿಯನ್ನು ಸಹಿಸಲಾರದು. ಸಾಮಾನ್ಯ ಗೆಂಡೆಯು ಮಾತ್ರ ಶೀತಪ್ರದೇಶದಿಂದ ಬಂದದ್ದು. ಅದರ ಒಂದು ತಳಿಯನ್ನು 1939ರಲ್ಲಿ ಸಿಂಹಳದಿಂದ ನೀಲಗಿರಿಗೂ, ಮತ್ತೊಂದು ತಳಿಯನ್ನು 1957ರಲ್ಲಿ ಬ್ಯಾಂಕಾಕಿನಿಂದಲೂ ತರಲಾಯಿತು. ಆದಕಾರಣ ಚಳಿಗಾಲದ ಗಾಳಕ್ಕೆ ಗೆಂಡೆಯೇ ಮುಖ್ಯವಾದ ಗುರಿ.

ಅಮೆರಿಕಾ ದೇಶದಲ್ಲಿ ಕ್ರ್ಯಾಪಿ ಎಂಬ ಮೀನನ್ನು ಚಳಿಯಲ್ಲಿ ಹಿಡಿಯುವವರೂ ಈ ತತ್ತ್ವವನ್ನೇ ಅನುಸರಿಸುವರು. ಆ ಮೀನು ಚಳಿಯಲ್ಲಿ ಆಳವಾದ ನೀರಿಗೆ ಸೇರಿ, ಮುಳುಗಿದ ಮರದ ಕೊಂಬೆಗಳ ಬಳಿ ಗುಂಪಾಗಿ ನಿಲ್ಲುವುದು. ಅಲ್ಲಿನವರು ಅತಿ ಚಿಕ್ಕದಾದ ಎರೆಯನ್ನು ಬೆಂಡಿನ ಕೆಳಗೆ ಇಳಿಬಿಟ್ಟು, ಹೆಚ್ಚುಕಡಮೆ ಅಲುಗಾಡದಂತೆ ಇಡುವರು. ಆ ಮೀನು ನಮ್ಮ ಕೆರೆಗಳಲ್ಲಿ ಇಲ್ಲದಿದ್ದರೂ ಕ್ರಮವು ಇಲ್ಲಿಗೂ ಒಪ್ಪುವುದು.

ವೇಳೆ ಮತ್ತು ಸ್ಥಳ

ರಾತ್ರಿಯಲ್ಲಿ ತೆಳುನೀರು ಬೇಗ ತಣ್ಣಗಾಗುವುದು. ಆಳದ ನೀರು ನಿಧಾನವಾಗಿ ತಣ್ಣಗಾಗುವುದು. ಆದುದರಿಂದ ಮುಂಜಾನೆ ಮೀನು ಏರಿಯ ಬದಿಯ ಆಳದಲ್ಲಿ ಜಡವಾಗಿರುವುದು. ಬಿಸಿಲೇರಿದ ಮೇಲೆ ತೆಳುನೀರೇ ಮೊದಲು ಬೆಚ್ಚಗಾಗುವುದರಿಂದ ಮೀನು ಅಲ್ಲಿಗೆ ಮೇಯಲು ಬರುವುದು. ಹೀಗಿರುವಲ್ಲಿ ಬೆಳಗಿನ ಜಾವದ ಮಂಜಿನಲ್ಲಿ ನಡುಗುತ್ತ ಕೂರುವುದು ವ್ಯರ್ಥ. ಹಗಲು 11 ಗಂಟೆಯಿಂದ 4 ಗಂಟೆಯವರೆಗಿನ ಕಾಲವೇ ಯೋಗ್ಯವಾದುದು. ಈ ತಿಂಗಳುಗಳಲ್ಲಿ ಗಾಳಿಯು ಹೆಚ್ಚಾಗಿ ಮೂಡಲಿಂದ ಬೀಸಿ, ಬೆಚ್ಚಗಾದ ಮೇಲ್ನೀರನ್ನು ಪಡುವಣ ದಡದ ಕಡೆಗೆ ತಳ್ಳುವುದು. ಬಿಸಿಲು ಬೀಳುವ, ಜೊಂಡಿನ ಅಂಚಿರುವ ಪಡುವಣ ದಡವನ್ನು ಮೊದಲು ಪರೀಕ್ಷಿಸತಕ್ಕದ್ದು.

ಸಲಕರಣೆ ಮತ್ತು ಕ್ರಮ

1. ದಾರವು ಸಣ್ಣದಾಗಿಯೂ, ಕೊಕ್ಕೆಯು ಚಿಕ್ಕದಾಗಿಯೂ, ಬೆಂಡು ಹಗುರವಾಗಿಯೂ ಇರಬೇಕು. ದಪ್ಪ ಬೆಂಡಾದರೆ ಮೀನಿನ ಮೆಲುವಾದ ಸೆಳೆತ ಕಾಣಿಸದು.

2. ಮೊದಲು ಭಾರವನ್ನು ಕಟ್ಟಿ ನೀರಿನ ಆಳವನ್ನು ಅಳೆದು, ಎರೆಯು ತಳವನ್ನು ಮುಟ್ಟಿಯೂ ಮುಟ್ಟದಂತೆ ಬೆಂಡನ್ನು ಸರಿಪಡಿಸತಕ್ಕದ್ದು. ಗೆಂಡೆಯೂ ಮೃಗಾಲೂ ತಳದಲ್ಲಿ ಮೇಯುವ ಜಾತಿಗಳು. ರೋಹುವಿಗಾದರೆ ಎರೆಯನ್ನು ನಡುನೀರಿಗೆ ಎತ್ತಬೇಕು.

3. ಎರೆಹುಳುವಿನ ಒಂದು ತುಂಡು, ಅಥವಾ ಬಟಾಣಿ ಗಾತ್ರದ ರಾಗಿಮುದ್ದೆಯ ಉಂಡೆ ಸಾಕು. ಮೀನನ್ನು ಸೆಳೆಯಲು ತೌಡು ಹಿಂಡಿ ಕಲಸಿದ ನಿಂಬೆ ಗಾತ್ರದ ಎರಡು ಉಂಡೆಗಳಿಗಿಂತ ಹೆಚ್ಚು ಎಸೆಯಬಾರದು.

4. ಗಾಳವನ್ನು ಹಾಕಿದ ಮೇಲೆ 10 ನಿಮಿಷ ಅಲುಗಿಸಬಾರದು. ಬಳಿಕ ಒಂದು ಬೆರಳಗಲ ಮಾತ್ರ ಎಳೆದು, ಪುನಃ ನಿಲ್ಲಿಸಬೇಕು. ಕೆಸರಿನಲ್ಲಿ ಹುಳು ತಾನೇ ತೆವಳಿದಂತೆ ಕಾಣಬೇಕೆಂಬುದೇ ಇದರ ಉದ್ದೇಶ. ಮೂರು ನಾಲ್ಕು ಸಾರಿ ಹೀಗೆ ಮಾಡಿಯೂ ಫಲವಿಲ್ಲದಿದ್ದರೆ ಎರಡು ಮೊಳ ಆಚೆಗೆ ಹಾಕಬೇಕು.

5. ಚಳಿಯಲ್ಲಿ ಮೀನು ಎರೆಯನ್ನು ಕಚ್ಚಿ ಓಡುವುದಿಲ್ಲ. ಬಾಯಲ್ಲಿ ಹೀರಿ, ಪರೀಕ್ಷಿಸಿ, ಉಗುಳುವುದೂ ಉಂಟು. ಸೀಸದ ಗುಂಡನ್ನು ಕೊಕ್ಕೆಯ ಹತ್ತಿರ ಕಟ್ಟಿದ್ದರೆ, ಮೀನು ಎರೆಯನ್ನೆತ್ತಿದಾಗ ಭಾರವು ತಪ್ಪಿ ಬೆಂಡು ಮುಳುಗುವ ಬದಲು ಮೇಲಕ್ಕೇಳುವುದು ಅಥವಾ ಅಡ್ಡ ಬೀಳುವುದು. ಬೆಂಡು ಮುಳುಗಲೆಂದು ಕಾಯುವವನು ಮೀನನ್ನು ಕಳೆದುಕೊಳ್ಳುವನು. ಆ ಕ್ಷಣದಲ್ಲೇ ಕೋಲನ್ನು ಮೆಲ್ಲನೆ ಎತ್ತತಕ್ಕದ್ದು.

ಹೊಂಡದ ಯಜಮಾನರಿಗೆ ಇದರ ಪ್ರಯೋಜನ

ಈ ಕ್ರಮವು ಬರಿಯ ವಿನೋದವಲ್ಲ. ಹದಿನೈದು ದಿನಗಳಿಗೊಮ್ಮೆ ಹತ್ತು ಮೀನುಗಳನ್ನು ಹೀಗೆ ಹಿಡಿದು ತೂಗಿದರೆ, ಇಡೀ ಹೊಂಡಕ್ಕೆ ಬಲೆಯೆಳೆದು ಮೀನನ್ನು ದಣಿಸದೆಯೇ ಬೆಳವಣಿಗೆಯ ಅಂದಾಜು ದೊರೆಯುವುದು. ಮೀನು ಎರೆಯನ್ನು ಮುಟ್ಟುವುದೇ ನಿಧಾನವಾಗಿದ್ದರೆ ಮೇವನ್ನೂ ತಗ್ಗಿಸಬೇಕೆಂಬುದು ಅದರಿಂದಲೇ ತಿಳಿಯುವುದು. ಒಟ್ಟು 100 ಕಿಲೋಗ್ರಾಂ ಮೀನಿಗೆ ಬೆಚ್ಚಗಿನ ಕಾಲದಲ್ಲಿ ದಿನಕ್ಕೆ 2 ಕಿಲೋಗ್ರಾಂ ಮೇವು ಹಾಕುತ್ತಿದ್ದರೆ, ಚಳಿ ಹೆಚ್ಚಿದಾಗ ಅದನ್ನು 1 ಕಿಲೋಗ್ರಾಮಿಗೆ ಇಳಿಸಿ, ತಟ್ಟೆಯಲ್ಲಿಟ್ಟು ಇಳಿಬಿಟ್ಟು, ಎರಡು ಗಂಟೆಯ ತರುವಾಯ ಎತ್ತಿ ನೋಡತಕ್ಕದ್ದು. ತಿನ್ನದೆ ಉಳಿದ ಹಿಂಡಿಯು ತಳದಲ್ಲಿ ಕೊಳೆತು ನೀರಿನ ಪ್ರಾಣವಾಯುವನ್ನು ಹೀರಿಬಿಡುವುದು. ಮೋಡ ಮಂಜಿನ ದಿನಗಳಲ್ಲಿ ಬಿಸಿಲು ಸಾಲದೆ ಪ್ರಾಣವಾಯುವಿನ ಉತ್ಪತ್ತಿಯೂ ಕಡಿಮೆ. ಇವೆರಡೂ ಕೂಡಿದರೆ ವರ್ಷದ ಫಸಲು ಒಂದೇ ರಾತ್ರಿಯಲ್ಲಿ ತೇಲಿ ಹೋಗುವುದು.

ಎಚ್ಚರಿಕೆಗಳು

ಬಿಟ್ಟುಬಿಡುವ ಚಿಕ್ಕ ಮೀನನ್ನು ಒದ್ದೆ ಕೈಯಿಂದ ಹಿಡಿಯಬೇಕು. ಒಣಗೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಗಾಯವಾಗುವುದು. 1988ರಲ್ಲಿ ಭಾರತಕ್ಕೆ ಹರಡಿದ ಮೀನಿನ ಹುಣ್ಣುರೋಗವು ಶಿಲೀಂಧ್ರದಂಥ ಸೂಕ್ಷ್ಮಜೀವಿಯಿಂದುಂಟಾಗಿ, ತಣ್ಣನೆಯ ತಿಂಗಳುಗಳಲ್ಲಿ ಇಂತಹ ಗಾಯಗಳ ಮೂಲಕವೇ ಸುಲಭವಾಗಿ ತಗಲುವುದು. ಕೆಂಪು ಹುಣ್ಣುಳ್ಳ ಮೀನು ಕಂಡರೆ ಮೀನುಗಾರಿಕೆ ಇಲಾಖೆಗೆ ಕೂಡಲೇ ತಿಳಿಸತಕ್ಕದ್ದು. ಅದನ್ನು ಬೇರೆ ಕೆರೆಗೆ ಬಿಡಕೂಡದು.

ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ಪಂಚಾಯತಿಯದೋ, ಇಲಾಖೆಯದೋ, ಗುತ್ತಿಗೆದಾರನದೋ ಎಂಬುದನ್ನು ಮೊದಲು ವಿಚಾರಿಸಿ ಅನುಮತಿ ಪಡೆಯುವುದು ಅವಶ್ಯ. ಕಾರ್ಖಾನೆಯ ಕೊಳಚೆ ಸೇರುವ ಕೆರೆಯ ಮೀನನ್ನು ಆಹಾರಕ್ಕೆ ಬಳಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಪ್ರಾಣರಕ್ಷಣೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದ ದಡವು ಪಾಚಿಯಿಂದ ಜಾರುವುದು. ಈಜು ಬಲ್ಲವನಿಗೂ ಹತ್ತಿ ಬರಲು ಆಧಾರ ದೊರೆಯದು. ಹೊಂಡದ ಸುತ್ತ ಬೇಲಿಯನ್ನೂ, ನಾಲ್ಕು ಬದಿಗಳಲ್ಲಿ ಗಂಟು ಹಾಕಿದ ಹಗ್ಗಗಳನ್ನೂ ಕಟ್ಟದೆ ಯಾರನ್ನೂ ಗಾಳ ಹಾಕಲು ಬಿಡಬಾರದು. ಮಕ್ಕಳನ್ನಂತೂ ಒಂಟಿಯಾಗಿ ಎಂದಿಗೂ ಕಳುಹಿಸಕೂಡದು. ಗ್ರಾಮದ ಮುಖಂಡರು ಈ ವಿಷಯಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಮೊದಲು ತಮ್ಮ ಹೊಂಡಗಳಲ್ಲಿಯೇ ಆಚರಣೆಗೆ ತಂದರೆ, ಉಳಿದ ರೈತರೂ ಅದನ್ನು ನೋಡಿ ಅನುಸರಿಸುವರು.