ದೂರದರ್ಶಕ ಒಂದು, ಕೇಳುವವರು ಹಲವರು: ಹತ್ತನೇ ತರಗತಿಗೆ ಒಂದು ವಿಸ್ತರಣಾ ಪಾಠ

ಪಾಠದ ಹಿನ್ನೆಲೆ

ನಮ್ಮ ಕಾಲೇಜಿನ ಭೌತವಿಜ್ಞಾನ ಬೋಧನಾ ವಿಭಾಗದಲ್ಲಿ ಆರು ಇಂಚು ವ್ಯಾಸದ ಒಂದು ಪ್ರತಿಫಲನ ದೂರದರ್ಶಕವಿದೆ. ಕಾಲೇಜೂ ನಾಲ್ಕು ಬೋಧನಾಭ್ಯಾಸ ಶಾಲೆಗಳೂ ಅದನ್ನು ಸರದಿಯ ಮೇಲೆ ಬಳಸುತ್ತವೆ. ಕೆಲವು ವರ್ಷಗಳ ಹಿಂದೆ ಅದು ಒಂದು ಶಾಲೆಯಿಂದ ಹಿಂದಿರುಗಿ ಬಂದಾಗ ಗುರುಗ್ರಹದ ಸುತ್ತ ಮಬ್ಬು ಬೆಳಕು ಹರಡಿದಂತೆ ಕಾಣತೊಡಗಿತು. ಕೊಳವೆಯೊಳಗೆ ಟಾರ್ಚ್ ಹಿಡಿದು ನೋಡಿದರೆ ದರ್ಪಣದ ತುಂಬ ಗೀರುಗಳು. ಯಾರೋ ಬಟ್ಟೆಯಿಂದ ಒರೆಸಿದ್ದರು. ಪ್ರಶಿಕ್ಷಣಾರ್ಥಿಗಳನ್ನೆಲ್ಲ ಕೂರಿಸಿ ಕೇಳಿದೆ. ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ವರ್ಷದ ಕೊನೆಗೆ, ಅಂಕಪಟ್ಟಿ ಕೈಗೆ ಬಂದ ಮೇಲೆ, ಒಬ್ಬ ಪ್ರಶಿಕ್ಷಣಾರ್ಥಿ ಬಂದು ಹೇಳಿದಳು: “ಸರ್, ಒರೆಸಿದ್ದು ನಾನೇ. ಸಲಕರಣೆಗಳನ್ನು ಶುಚಿ ಮಾಡಿ ಹಿಂದಿರುಗಿಸಬೇಕು ಅಂತ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆದಿದೆಯಲ್ಲ.”

ಬರೆದದ್ದು ನನ್ನದೇ ಕೈಬರಹ.

ಗೋಳೀಯ ದರ್ಪಣಗಳ ಪಾಠವನ್ನು ಆಕೆ ಚೆನ್ನಾಗಿಯೇ ಮಾಡಿದ್ದಳು. ನಿಮ್ನ ದರ್ಪಣದ ಉಪಯೋಗಗಳಲ್ಲಿ ದೂರದರ್ಶಕವನ್ನೂ ಹೇಳಿದ್ದಳು. ಆ ದರ್ಪಣವನ್ನು ಹೇಗೆ ನೋಡಿಕೊಳ್ಳಬೇಕು, ಹಲವರು ಬಳಸುವ ಒಂದು ಉಪಕರಣ ಹೇಗೆ ನಡೆಯುತ್ತದೆ ಎಂಬುದು ಪಠ್ಯದಲ್ಲಿ ಇರಲಿಲ್ಲ, ನಾನೂ ಹೇಳಿಕೊಟ್ಟಿರಲಿಲ್ಲ. ಮುಂದಿನ ತಂಡದೊಂದಿಗೆ ಸೇರಿ ಎರಡು ಅವಧಿಗಳ ಈ ಪಾಠವನ್ನು ರೂಪಿಸಿದೆವು. ಒಬ್ಬ ಪ್ರಶಿಕ್ಷಣಾರ್ಥಿ ಬೋಧಿಸಿದರು, ಉಳಿದವರು ಅವಲೋಕಿಸಿದರು. ನಂತರ ಬೇರೆ ಶಾಲೆಯಲ್ಲಿ ತಿದ್ದಿ ಮತ್ತೊಮ್ಮೆ ಬೋಧಿಸಿದೆವು.

ಬೋಧಿಸುವವರು ತಿಳಿದಿರಬೇಕಾದದ್ದು

ಉದಾಹರಣೆಯಾಗಿ ಆರಿಸಿಕೊಂಡದ್ದು ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಇದರ ಮುಖ್ಯ ದರ್ಪಣದ ವ್ಯಾಸ 2 ಮೀಟರ್. ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದ ಶೀತ ಮರುಭೂಮಿಯಲ್ಲಿ ಇದು ನಿಂತಿದೆ. 2000ರಲ್ಲಿ ಮೊದಲ ಬೆಳಕನ್ನು ಹಿಡಿಯಿತು. ನಮ್ಮ ಮಕ್ಕಳಿಗೆ ಹತ್ತಿರವಾಗುವ ಸಂಗತಿ ಬೇರೆಯೇ ಇದೆ. ವೀಕ್ಷಣೆ ಮಾಡುವ ಖಗೋಳಜ್ಞರು ಸಾಮಾನ್ಯವಾಗಿ ಹಾನ್ಲೆಗೆ ಹೋಗುವುದಿಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ಅದನ್ನು ನಡೆಸುತ್ತಾರೆ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡ 60ಕ್ಕಿಂತ ಕಡಿಮೆ, ರಾತ್ರಿಯಿಡೀ ಎದ್ದು ಕೆಲಸ ಮಾಡುವುದು ದೇಹಕ್ಕೆ ಕಷ್ಟ. ಹಾಗೆಂದು ಹಾನ್ಲೆ ಖಾಲಿ ಇರುವುದಿಲ್ಲ. ಎಂಜಿನಿಯರುಗಳೂ ಸಹಾಯಕರೂ ಅಲ್ಲಿಯೇ ಇರುತ್ತಾರೆ. ಹೊಸಕೋಟೆಯಲ್ಲಿ ಕುಳಿತವರಿಗೆ ದರ್ಪಣದ ಧೂಳು ಕಾಣುವುದಿಲ್ಲ. ಹಾನ್ಲೆಯವರು ನೋಡಿ ಹೇಳಬೇಕು.

ಇಂಥ ದೂರದರ್ಶಕದ ರಾತ್ರಿಗಳು ಯಾರ ಸ್ವತ್ತೂ ಅಲ್ಲ. ಬೇಕಾದವರು ಅರ್ಜಿ ಬರೆಯುತ್ತಾರೆ: ಏನು ನೋಡಬೇಕು, ಏಕೆ, ಎಷ್ಟು ಹೊತ್ತು, ಚಂದ್ರನಿಲ್ಲದ ರಾತ್ರಿಯೇ ಬೇಕೇ. ಸಮಿತಿಯೊಂದು ಅರ್ಜಿಗಳನ್ನು ಓದಿ ರಾತ್ರಿಗಳನ್ನು ಹಂಚುತ್ತದೆ. ಕೇಳುವ ರಾತ್ರಿಗಳು ಇರುವ ರಾತ್ರಿಗಳಿಗಿಂತ ಹೆಚ್ಚು ಇರುವುದೇ ಸಾಮಾನ್ಯ. ಸೂಪರ್‌ನೋವಾದಂಥ ಅನಿರೀಕ್ಷಿತ ಘಟನೆ ನಡೆದರೆ ಇನ್ನೊಬ್ಬರ ರಾತ್ರಿಯಿಂದ ಒಂದಿಷ್ಟು ಹೊತ್ತು ಬಿಟ್ಟುಕೊಡಬೇಕಾಗುತ್ತದೆ.

ತಮಿಳುನಾಡಿನ ಕಾವಲೂರಿನಲ್ಲಿರುವ ವೇಣು ಬಾಪು ವೀಕ್ಷಣಾಲಯದ 2.3 ಮೀಟರ್ ದೂರದರ್ಶಕವನ್ನು (1986) ಹೋಲಿಕೆಗೆ ತೆಗೆದುಕೊಳ್ಳಬಹುದು. ಮಳೆಗಾಲ ಇರುವ ಕಡೆ ಮೋಡದ ತಿಂಗಳುಗಳು ದುರಸ್ತಿಗೆ ಒದಗಿಬರುತ್ತವೆ. ಹಾನ್ಲೆ ಇರುವುದು ಮಳೆನೆರಳಿನಲ್ಲಿ; ಅಲ್ಲಿ ಆಕಾಶ ಅಷ್ಟು ಉದಾರವಾಗಿ ರಜೆ ಕೊಡುವುದಿಲ್ಲ. ದುರಸ್ತಿಗೆ ಕೊಟ್ಟ ರಾತ್ರಿ ಎಂದರೆ ಯಾರೋ ಬಯಸಿದ್ದ ಒಳ್ಳೆಯ ರಾತ್ರಿಯೇ. ಪಾಠದ ತಿರುಳು ಇರುವುದು ಇಲ್ಲಿ.

ಮೊದಲ ಅವಧಿ: ಒರೆಸಬಾರದ ಕನ್ನಡಿ

ಪ್ರೇರಣೆಗೆ ಪ್ರಶಿಕ್ಷಣಾರ್ಥಿ ಒಂದು ಮುಖ ನೋಡುವ ಕನ್ನಡಿಯ ಮೇಲೆ ಚಾಕ್‌ಪುಡಿ ಉದುರಿಸಿ, “ಇದನ್ನು ಹೇಗೆ ಶುಚಿ ಮಾಡ್ತೀರಿ?” ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗಿ ವೇಲಿನ ತುದಿಯಿಂದ ಒರೆಸಿ ತೋರಿಸಿದಳು. ತಪ್ಪೇನೂ ಇಲ್ಲ. ಮನೆಯ ಕನ್ನಡಿಯಲ್ಲಿ ಲೋಹದ ಲೇಪ ಗಾಜಿನ ಹಿಂಬದಿಗಿದೆ. ನಾವು ಒರೆಸುವುದು ಗಾಜನ್ನು. ದೂರದರ್ಶಕದ ದರ್ಪಣದಲ್ಲಿ ಲೇಪ ಮುಂಬದಿಯಲ್ಲಿರುತ್ತದೆ, ಬೆಳಕು ಗಾಜಿನೊಳಗೆ ಹೋಗಿ ಬರಬಾರದೆಂದು. ಅಲ್ಯೂಮಿನಿಯಮ್ಮಿನ ಆ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು.

ಇಷ್ಟನ್ನು ಬಾಯಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ ಅಷ್ಟೆ. ಹಳೆಯ ಸಿ.ಡಿ. ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿ.ಡಿ.ಯ ಅಲ್ಯೂಮಿನಿಯಂ ಪದರ ಇರುವುದು ಹೆಸರು ಅಚ್ಚಾದ ಬದಿಯ ತೆಳು ಬಣ್ಣದ ಕೆಳಗೇ. ಆ ಬದಿಯಲ್ಲಿ ಗುಂಡುಸೂಜಿಯಿಂದ ಒಂದೆರಡು ಗೀರು ಎಳೆದು, ಅಂಟುಟೇಪ್ ಒತ್ತಿ ಸರ್ರನೆ ಎಳೆದರೆ ಹೊಳೆಯುವ ಪದರ ಟೇಪಿಗೆ ಬಂದುಬಿಡುತ್ತದೆ. ಉಳಿದ ಪ್ಲಾಸ್ಟಿಕ್‌ನ ಮೂಲಕ ಕಿಟಕಿ ಕಾಣುತ್ತದೆ. ತರಗತಿ ಒಂದು ಕ್ಷಣ ನಿಶ್ಶಬ್ದವಾಯಿತು ಎಂದು ಮೂವರು ಅವಲೋಕಕರು ಬರೆದಿದ್ದಾರೆ. (ಡಿ.ವಿ.ಡಿ. ತೆಗೆದುಕೊಳ್ಳಬೇಡಿ. ಅದರ ಪದರ ಎರಡು ಪ್ಲಾಸ್ಟಿಕ್‌ಗಳ ನಡುವೆ ಇರುವುದರಿಂದ ಟೇಪಿಗೆ ಬರುವುದಿಲ್ಲ. ನಮ್ಮ ಪೂರ್ವಾಭ್ಯಾಸದಲ್ಲಿ ಹದಿನೈದು ನಿಮಿಷ ಹೀಗೆ ಹೋಯಿತು.)

“ಹಾಗಾದ್ರೆ ಧೂಳು ಬಿದ್ರೆ ಏನ್ ಮಾಡ್ತಾರೆ ಸಾರ್?” ಎಂಬ ಪ್ರಶ್ನೆ ತಾನಾಗಿಯೇ ಬಂತು. ಧೂಳು ಬೀಳದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ: ತೇವ ಹೆಚ್ಚಿದರೆ, ಗಾಳಿ ಜೋರಾದರೆ, ಎಷ್ಟೇ ಆಸೆಯ ರಾತ್ರಿಯಾದರೂ ಗುಮ್ಮಟ ಮುಚ್ಚಬೇಕು. ಬಿದ್ದ ಧೂಳನ್ನು ಉಜ್ಜದೆ ತೆಗೆಯಬೇಕು. ಅನೇಕ ವೀಕ್ಷಣಾಲಯಗಳಲ್ಲಿ ಇಂಗಾಲದ ಡೈಆಕ್ಸೈಡಿನ ಹಿಮವನ್ನು ದರ್ಪಣದ ಮೇಲೆ ಊದಿ ಧೂಳನ್ನು ಸಾಗಿಸುತ್ತಾರೆ. ಕೆಲವು ವರ್ಷಕ್ಕೊಮ್ಮೆ ದರ್ಪಣವನ್ನು ಹೊರತೆಗೆದು, ಹಳೆಯ ಲೇಪವನ್ನು ರಾಸಾಯನಿಕಗಳಿಂದ ಕರಗಿಸಿ, ತೊಳೆದು ಒಣಗಿಸಿ, ನಿರ್ವಾತ ಕೋಣೆಯಲ್ಲಿ ಅಲ್ಯೂಮಿನಿಯಂ ಆವಿಯನ್ನು ಹೊಸದಾಗಿ ಕೂರಿಸುತ್ತಾರೆ. ಮೀಟರುಗಟ್ಟಲೆ ಅಗಲದ ಗಾಜನ್ನು ಎತ್ತುವ ಆ ದಿನ ಎಲ್ಲರೂ ಉಸಿರು ಬಿಗಿಹಿಡಿದಿರುತ್ತಾರೆ.

ಎರಡನೇ ಅವಧಿ: ಮೂವತ್ತು ರಾತ್ರಿ ಹಂಚುವುದು

ಐದು ಗುಂಪುಗಳಿಗೂ ಮೂವತ್ತು ಚೌಕಗಳ ಒಂದೊಂದು ಹಾಳೆ ಕೊಟ್ಟೆವು. 15ನೇ ಚೌಕ ಅಮಾವಾಸ್ಯೆ. ಜೊತೆಗೆ ನಾವೇ ಸರಳಗೊಳಿಸಿ ಬರೆದ ಆರು ಅರ್ಜಿಗಳು. ಮಂದ ಗೆಲಾಕ್ಸಿಗಳನ್ನು ನೋಡುವವರಿಗೆ ಅಮಾವಾಸ್ಯೆಯ ಆಸುಪಾಸಿನ 8 ರಾತ್ರಿ ಬೇಕು. ಪ್ರಕಾಶಮಾನ ನಕ್ಷತ್ರಗಳ ರೋಹಿತ ತೆಗೆಯುವವರಿಗೆ 12 ರಾತ್ರಿ, ಬೆಳದಿಂಗಳಾದರೂ ಸರಿ. ಸೂಪರ್‌ನೋವಾ ತಂಡಕ್ಕೆ ಮೂರು ರಾತ್ರಿಗೊಮ್ಮೆ ಒಂದೊಂದು ಗಂಟೆ. ಬೇರೊಂದು ನಕ್ಷತ್ರದ ಮುಂದೆ ಅದರ ಗ್ರಹ ಹಾಯುವುದನ್ನು ನೋಡುವವರಿಗೆ 17ನೇ ರಾತ್ರಿ ಮಾತ್ರ, ನಾಲ್ಕು ಗಂಟೆ. ಪ್ರಬಂಧ ಮುಗಿಸಬೇಕಾದ ಸಂಶೋಧನಾ ವಿದ್ಯಾರ್ಥಿಗೆ 8 ರಾತ್ರಿ. ಆರನೆಯದು ಎಂಜಿನಿಯರ್‌ದು: ದರ್ಪಣ ಶುಚಿ ಮಾಡಿ, ಹೊಂದಿಸಿ, ಕ್ಯಾಮೆರಾ ಪರೀಕ್ಷಿಸಲು 3 ರಾತ್ರಿ.

ಕೂಡಿಸಿದರೆ ಮೂವತ್ತು ಮೀರುತ್ತದೆ. ಜಗಳ ಶುರುವಾಯಿತು, ಆಗಬೇಕಾದದ್ದೂ ಅದೇ. 17ನೇ ರಾತ್ರಿಯನ್ನು ಗೆಲಾಕ್ಸಿಯವರಿಂದ ಕಸಿದುಕೊಳ್ಳಬಹುದೇ ಎಂದು ಒಂದು ಗುಂಪು ಹತ್ತು ನಿಮಿಷ ವಾದಿಸಿತು. ಸಂಶೋಧನಾ ವಿದ್ಯಾರ್ಥಿಯ ಮೇಲೆ ಎಲ್ಲರಿಗೂ ಕನಿಕರ. ಯಾರೂ ಅವನ ರಾತ್ರಿ ಕಡಿಯಲಿಲ್ಲ. ಕೊನೆಗೆ ಹಾಳೆಗಳನ್ನು ಗೋಡೆಗೆ ಹಚ್ಚಿದಾಗ ನಾಲ್ಕು ಗುಂಪುಗಳು ಎಂಜಿನಿಯರ್‌ಗೆ ಒಂದು ರಾತ್ರಿಯನ್ನೂ ಕೊಟ್ಟಿರಲಿಲ್ಲ. ಐದನೆಯ ಗುಂಪು ಹುಣ್ಣಿಮೆಯ ಒಂದು ರಾತ್ರಿ ಕೊಟ್ಟಿತ್ತು.

ಪ್ರಶಿಕ್ಷಣಾರ್ಥಿ ಇಲ್ಲಿ ಉಪದೇಶಕ್ಕೆ ಇಳಿಯಲಿಲ್ಲ. ಅದಕ್ಕೆ ಅವರನ್ನು ಮೆಚ್ಚಬೇಕು. ಕಪ್ಪು ಹಲಗೆಯ ಮೇಲೆ ಒಂದು ಲೆಕ್ಕ ಬರೆದರು. ಹೊಸ ಲೇಪ ಬಿದ್ದ ಬೆಳಕಿನ ಶೇಕಡ 90ರಷ್ಟನ್ನು ಪ್ರತಿಫಲಿಸುತ್ತದೆ ಎಂದುಕೊಳ್ಳಿ. ದೂರದರ್ಶಕದಲ್ಲಿ ಎರಡು ದರ್ಪಣ, ಆದ್ದರಿಂದ 0.9 × 0.9 = 0.81. ಧೂಳಿನಿಂದ, ಹಳತಾಗಿ, ಪ್ರತಿ ದರ್ಪಣ ಶೇಕಡ 80ಕ್ಕೆ ಇಳಿದರೆ 0.8 × 0.8 = 0.64. ಅಷ್ಟೇ ಬೆಳಕು ಸಂಗ್ರಹಿಸಲು ಈಗ ಎಷ್ಟು ಹೊತ್ತು ಬೇಕು? ಮೊದಲು 10 ಗಂಟೆ ಸಾಕಾಗಿದ್ದ ಕೆಲಸಕ್ಕೆ 12 ಗಂಟೆ 40 ನಿಮಿಷ. ಮೂವತ್ತು ರಾತ್ರಿ ದುಡಿದರೂ ಸಿಗುವುದು ಸುಮಾರು 24 ರಾತ್ರಿಗಳ ಬೆಳಕು. ಎಂಜಿನಿಯರ್ ಕೇಳಿದ್ದು ಮೂರು.

“ಹೋದ ಆರು ರಾತ್ರಿ ಯಾರದ್ದು ಸಾರ್?” ಎಂದು ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೇಳಿದ. ಪ್ರಶಿಕ್ಷಣಾರ್ಥಿ ಉತ್ತರಿಸದೆ ಪ್ರಶ್ನೆಯನ್ನು ತರಗತಿಗೇ ತಿರುಗಿಸಿದರು. ಎಲ್ಲರದ್ದೂ ಸ್ವಲ್ಪ ಸ್ವಲ್ಪ, ಹಾಗಾಗಿ ಯಾರೂ ದೂರು ಕೊಡಲ್ಲ ಎಂದು ಒಬ್ಬಳು ಹೇಳಿದಳು. ಹಲವರು ಹಂಚಿಕೊಂಡ ಉಪಕರಣದ ಕಷ್ಟವನ್ನು ನಾನು ಇಷ್ಟು ಚೊಕ್ಕವಾಗಿ ಹೇಳಲಾರೆ.

ಲೆಕ್ಕದ ಮಿತಿಯನ್ನೂ ತಿಳಿದಿರಿ. ಶುಚಿ ಮಾಡಿದ ಮಾತ್ರಕ್ಕೆ 80 ಮತ್ತೆ 90 ಆಗುವುದಿಲ್ಲ. ಧೂಳಿನ ಪಾಲು ಮರಳುತ್ತದೆ, ಲೇಪ ಹಳತಾದ ಪಾಲು ಮರಳುವುದು ಹೊಸ ಲೇಪದಿಂದ ಮಾತ್ರ. ಜಾಣ ಮಕ್ಕಳು ಇದನ್ನು ಕೇಳಿಯೇ ಕೇಳುತ್ತಾರೆ.

ದಿನಚರಿ ಪುಸ್ತಕ

ಉಳಿದ ಹನ್ನೆರಡು ನಿಮಿಷದಲ್ಲಿ ಎರಡು ನಮೂದುಗಳನ್ನು ಓದಿಸಿದೆವು. ಒಂದು: “ಫಿಲ್ಟರ್ ಸರಿ ಇಲ್ಲ.” ಇನ್ನೊಂದು: “ರಾತ್ರಿ 9:20. ಫಿಲ್ಟರ್ ಚಕ್ರ 3ರಿಂದ 4ಕ್ಕೆ ತಿರುಗಲಿಲ್ಲ. ಎರಡು ಸಲ ಪ್ರಯತ್ನಿಸಿದೆ. 2ಕ್ಕೆ ತಿರುಗುತ್ತದೆ, ಅದರಲ್ಲೇ ಕೆಲಸ ಮುಂದುವರಿಸಿದೆ.” ಬೆಳಿಗ್ಗೆ ಬರುವ ಎಂಜಿನಿಯರ್‌ಗೆ ಯಾವುದು ಉಪಯೋಗ ಎಂದು ಕೇಳಬೇಕಾದ ಅಗತ್ಯವೇ ಬೀಳಲಿಲ್ಲ. ಚರ್ಚೆಯಾದದ್ದು ಹೆಸರು ಬರೆಯಬೇಕೇ ಎಂಬುದರ ಮೇಲೆ. “ಬರೆದ್ರೆ ಬೈತಾರೆ” ಎಂದರು ಅರ್ಧ ತರಗತಿ. ಬರೆಯದಿದ್ದರೆ ಎಂಜಿನಿಯರ್ ಮರುಪ್ರಶ್ನೆ ಕೇಳುವುದು ಯಾರನ್ನು ಎಂದರು ಉಳಿದವರು. ನಾನು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಟಿಪ್ಪಣಿ ಬರೆಯುತ್ತ ಕೂತೆ.

ಕೊಡೈಕೆನಾಲ್ ಸೌರ ವೀಕ್ಷಣಾಲಯದ ಮಾತು ಇಲ್ಲಿ ಸಲ್ಲುತ್ತದೆ. ಅಲ್ಲಿ ಇಪ್ಪತ್ತನೇ ಶತಮಾನದ ಆರಂಭದಿಂದ ತೆಗೆದಿಟ್ಟ ಸೂರ್ಯನ ಚಿತ್ರಗಳನ್ನು ಇಂದಿನ ಸಂಶೋಧಕರು ಬಳಸಬಲ್ಲರು, ಏಕೆಂದರೆ ಯಾವ ಚಿತ್ರ ಯಾವ ದಿನದ್ದು, ಯಾವ ವೇಳೆಯದ್ದು ಎಂಬುದನ್ನು ಯಾರೋ ಬರೆದಿಟ್ಟಿದ್ದಾರೆ.

ತಿದ್ದಿದ್ದು

ಮೊದಲ ಬೋಧನೆಯಲ್ಲಿ ಕ್ಯಾಮೆರಾದ ಅಂಶಶೋಧನೆಯನ್ನೂ ಸೇರಿಸಿದ್ದೆವು. ಸಂಜೆ ಬೆಳಕಿನಲ್ಲಿ ಖಾಲಿ ಆಕಾಶದ ಚಿತ್ರ ತೆಗೆದು, ಕ್ಯಾಮೆರಾದ ಯಾವ ಭಾಗ ಹೆಚ್ಚು ಬೆಳಕು ದಾಖಲಿಸುತ್ತದೆ, ಯಾವ ಭಾಗ ಕಡಿಮೆ ಎಂದು ತಿಳಿದುಕೊಳ್ಳುವ ಕ್ರಮ ಅದು. ವಿಷಯ ಒಳ್ಳೆಯದು, ಸಮಯ ಸಾಲಲಿಲ್ಲ. ಎರಡನೇ ಶಾಲೆಯಲ್ಲಿ ಕೈಬಿಟ್ಟೆವು. ಅರ್ಜಿಗಳನ್ನು ಆರರಿಂದ ಐದಕ್ಕೆ ಇಳಿಸುವ ಸಲಹೆಯೂ ಬಂತು. ನಾನು ಒಪ್ಪಲಿಲ್ಲ, ಗೊಂದಲ ಕಡಿಮೆಯಾದರೆ ಎಂಜಿನಿಯರ್‌ನನ್ನು ಮರೆಯುವ ಸಂದರ್ಭವೇ ತಪ್ಪುತ್ತದೆ. ಮೌಲ್ಯಮಾಪನಕ್ಕೆ ಪ್ರಶ್ನೆಪತ್ರಿಕೆ ಬೇಡವೆಂದು, ಹಂಚಿಕೆಯನ್ನು ಮತ್ತೆ ಮಾಡಿ ಕಾರಣ ಎರಡು ವಾಕ್ಯದಲ್ಲಿ ಬರೆಯುವಂತೆ ಹೇಳಿದೆವು. ಎರಡನೇ ಸಲ ಎಲ್ಲ ಗುಂಪುಗಳೂ ಎಂಜಿನಿಯರ್‌ಗೆ ರಾತ್ರಿ ಕೊಟ್ಟವು. ಒಂದು ಗುಂಪು ಮಾತ್ರ ಎರಡೇ ಕೊಟ್ಟು, “ಮೂರನೆಯದಕ್ಕೆ ಹಗಲು ಬಳಸಲಿ” ಎಂದು ಬರೆದಿತ್ತು. ಅದೂ ಒಪ್ಪಬಹುದಾದ ಉತ್ತರವೇ: ಶುಚಿಯ ಕೆಲಸ ಹಗಲಿನಲ್ಲೂ ಆಗುತ್ತದೆ, ನಕ್ಷತ್ರ ನೋಡಿ ಹೊಂದಿಸಲು ಮಾತ್ರ ರಾತ್ರಿ ಬೇಕು.

ನಮ್ಮ ರಿಜಿಸ್ಟರಿನ ಮೊದಲ ಪುಟವನ್ನು ಬದಲಿಸಿದ್ದೇವೆ. ‘ಶುಚಿ ಮಾಡಿ ಹಿಂದಿರುಗಿಸಿ’ ಎಂಬುದರ ಜಾಗದಲ್ಲಿ ಈಗ ‘ದರ್ಪಣ ಮುಟ್ಟಬೇಡಿ, ಏನು ಕಂಡಿತೋ ಬರೆಯಿರಿ’ ಎಂದಿದೆ. ಬರೆದ ದೋಷಕ್ಕೆ ಆಂತರಿಕ ಅಂಕ ಕಡಿಯುವುದಿಲ್ಲ ಎಂದು ಪ್ರಾಂಶುಪಾಲರ ಸಹಿಯೊಂದಿಗೆ ಕೆಳಗೆ ಸೇರಿಸಿದ್ದೇವೆ. ಈ ವರ್ಷದ ಮೊದಲ ನಮೂದು ಒಂಬತ್ತನೇ ತರಗತಿಯ ಹುಡುಗಿಯದು: “ಮುಕ್ಕಾಲಿಯ ಒಂದು ಕಾಲಿನ ತಿರುಪು ಸಡಿಲ. ನಾನು ಬಿಗಿ ಮಾಡಲು ಹೋಗಿ ಎಳೆ ಸವೆಯಿತು.” ತಿರುಪನ್ನು ಬದಲಾಯಿಸಲಾಯಿತು. ಗೀರುಬಿದ್ದ ದರ್ಪಣಕ್ಕೆ ಹೊಸ ಲೇಪ ಇನ್ನೂ ಆಗಿಲ್ಲ. ಚಂದ್ರನನ್ನು ನೋಡಲು ಅದೇ ಸಾಕಾಗುತ್ತಿದೆ. ಈ ಪಾಠ ಮಾಡುವವರು ಬೇಕೆಂದರೆ ಅದನ್ನು ತರಗತಿಗೆ ಒಯ್ದು ಸಿ.ಡಿ.ಯ ಪಕ್ಕದಲ್ಲಿಟ್ಟು ತೋರಿಸಬಹುದು, ರಿಜಿಸ್ಟರಿನಲ್ಲಿ ಬರೆದು.